ಲ್ಯಾಬಿನ ಇಪ್ಪತ್ನಾಲ್ಕು ಯಂತ್ರಗಳ ಮುಯ್ಯಾಳು: ಕಾಲೇಜಿನೊಳಗೆ ಸಣ್ಣ ಗ್ರಿಡ್ ಕಟ್ಟುವ ಬಗೆ

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳ ಕಂಪ್ಯೂಟರ್ ಲ್ಯಾಬಿಗೆ ಸಂಜೆ ಐದೂವರೆಗೆ ಬೀಗ ಬಿದ್ದರೆ ಮರುದಿನ ಒಂಬತ್ತರವರೆಗೆ ಯಂತ್ರಗಳಿಗೆ ಕೆಲಸವಿಲ್ಲ. ಅದೇ ಆವರಣದಲ್ಲಿ ಪಿಎಚ್‌.ಡಿ. ಮಾಡುವವರೊಬ್ಬರು ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ದಿನದ ಲೆಕ್ಕ ಓಡಿಸುತ್ತ, ನಡುವೆ ಎಲ್ಲಿ ನಿಂತೀತೋ ಎಂದು ಕಾಯುತ್ತಿರುತ್ತಾರೆ. ಇವೆರಡನ್ನೂ ಜೋಡಿಸಲು ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಒಂದು ವಾರದ ಸಂಜೆಗಳು ಸಾಕು.

ನಮ್ಮ ಕಡೆ ಕಳೆ ತೆಗೆಯುವಾಗ, ಸುಗ್ಗಿಯಲ್ಲಿ ಮುಯ್ಯಾಳು ಹೋಗುವುದುಂಟು. ಇವತ್ತು ನಿಮ್ಮ ಹೊಲಕ್ಕೆ ನಮ್ಮವರು, ನಾಳೆ ನಮ್ಮ ಹೊಲಕ್ಕೆ ನಿಮ್ಮವರು. ಗ್ರಿಡ್ ಕಂಪ್ಯೂಟಿಂಗ್ ಎಂಬುದು ಯಂತ್ರಗಳ ಮುಯ್ಯಾಳು. ಒಂದು ಆಳು ಎಂದರೆ ಎಷ್ಟು ಹೊತ್ತಿನ ಕೆಲಸ, ಬುತ್ತಿ ಯಾರದು, ಕುಡಗೋಲು ಯಾರದು ಎನ್ನುವುದು ಮೊದಲೇ ಮಾತಾಗದಿದ್ದರೆ ಮೂರನೇ ದಿನಕ್ಕೆ ಜಗಳ. ಗ್ರಿಡ್ಡಿನಲ್ಲಿ ಆ ಮಾತುಕತೆಯ ಹೆಸರು ಸ್ಟ್ಯಾಂಡರ್ಡ್. ಅದನ್ನು ಕೂತು ಬರೆದವರು ಉದ್ಯಮದವರು ಮತ್ತು ಸಂಶೋಧಕರು ಸೇರಿದ ಗುಂಪುಗಳು. ಯಂತ್ರ ಜೋಡಿಸುವ ಮುಂಚೆ ಅವುಗಳಲ್ಲಿ ಯಾವುದಕ್ಕೆ ಈಗಲೂ ಉಸಿರಿದೆ, ಯಾವುದಕ್ಕಿಲ್ಲ ಎಂದು ತಿಳಿದಿರಬೇಕು. ಇಲ್ಲವಾದರೆ ಇಪ್ಪತ್ತು ವರ್ಷ ಹಳೆಯ ಪಾಠ ನಂಬಿ, ಬೆಂಬಲ ನಿಂತುಹೋದ ಸಾಫ್ಟ್‌ವೇರ್ ಹಾಕಿಕೊಂಡು ಕೂರುತ್ತೀರಿ.

ಯಾವ ಸ್ಟ್ಯಾಂಡರ್ಡ್ ಹಿಡಿಯಬೇಕು, ಯಾವುದನ್ನು ಬಿಡಬೇಕು

ಅಮೆರಿಕದಲ್ಲಿ 1999ರಲ್ಲಿ ಗ್ರಿಡ್ ಫೋರಂ ಶುರುವಾಯಿತು. ಯುರೋಪ್ ಮತ್ತು ಏಷ್ಯಾ-ಪೆಸಿಫಿಕ್‌ನ ಗುಂಪುಗಳು ಸೇರಿದ ಮೇಲೆ ಅದು ಗ್ಲೋಬಲ್ ಗ್ರಿಡ್ ಫೋರಂ ಆಯಿತು. ಕಂಪನಿಗಳ ಕಡೆಯಿಂದ 2004ರಲ್ಲಿ ಎಂಟರ್‌ಪ್ರೈಸ್ ಗ್ರಿಡ್ ಅಲಯನ್ಸ್ ಹುಟ್ಟಿತು. 2006ರಲ್ಲಿ ಇವೆರಡೂ ಕೂಡಿ ಓಪನ್ ಗ್ರಿಡ್ ಫೋರಂ, ಅಂದರೆ ಓಜಿಎಫ್ ಆದವು. ಇದರ ದಾಖಲೆಗಳಿಗೆ ಜಿಎಫ್‌ಡಿ ಎಂಬ ಕ್ರಮಸಂಖ್ಯೆ ಇರುತ್ತದೆ. ಪಠ್ಯಪುಸ್ತಕಗಳಲ್ಲಿ ಕಾಣುವ, ಕಡತ ಸಾಗಿಸುವ ಗ್ರಿಡ್‌ಎಫ್‌ಟಿಪಿ ಜಿಎಫ್‌ಡಿ 20; ಜಾಬ್, ಅಂದರೆ ಯಂತ್ರಕ್ಕೆ ಒಪ್ಪಿಸುವ ಒಂದು ಕೆಲಸದ ವಿವರಣೆಯ ಭಾಷೆ ಜೆಎಸ್‌ಡಿಎಲ್ ಜಿಎಫ್‌ಡಿ 56.

ಇವುಗಳ ಇವತ್ತಿನ ಸ್ಥಿತಿ ಸಮನಾಗಿಲ್ಲ. ಗ್ರಿಡ್‌ಎಫ್‌ಟಿಪಿಯನ್ನು ಮನೆಮಾತಾಗಿಸಿದ ಗ್ಲೋಬಸ್ ಟೂಲ್‌ಕಿಟ್ ಎಂಬ ಗ್ರಿಡ್ ಸಾಫ್ಟ್‌ವೇರ್‌ಗೆ ಅದರ ತಂಡವೇ 2018ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿತು. ಈಗ ಬೇರೆಯವರು ಗ್ರಿಡ್ ಕಮ್ಯುನಿಟಿ ಟೂಲ್‌ಕಿಟ್ ಎಂಬ ಹೆಸರಿನಲ್ಲಿ ಅದನ್ನು ಕಾಯ್ದುಕೊಂಡಿದ್ದಾರೆ. ಬಳಸುವವರು ಯಾರೆಂದು ತೋರಿಸುವ ಎಕ್ಸ್.509 ಪ್ರಾಕ್ಸಿ ಸರ್ಟಿಫಿಕೇಟಿನ ಜಾಗಕ್ಕೆ ಟೋಕನ್ ಎಂಬ ಡಿಜಿಟಲ್ ಚೀಟಿ ಬರುತ್ತಿದೆ. ಜೆಎಸ್‌ಡಿಎಲ್ ಕಡತವನ್ನು ಕೈಯಿಂದ ಬರೆಯುತ್ತ ಕೂರಬೇಡಿ, ಆ ಸಂಜೆ ವ್ಯರ್ಥ. ಆದರೆ ಅದು ಕಲಿಸುವ ವಿಂಗಡಣೆಯನ್ನು ಮಾತ್ರ ಬಿಡಬೇಡಿ: ಯಾವ ಪ್ರೋಗ್ರಾಂ, ಅದಕ್ಕೆ ಎಷ್ಟು ಕೋರ್ (ಪ್ರೊಸೆಸರಿನೊಳಗೆ ದುಡಿಯುವ ಘಟಕ) ಎಷ್ಟು ಮೆಮೊರಿ, ಯಾವ ಕಡತ ಒಳಗೆ ಹೋಗಬೇಕು, ಯಾವುದು ಹೊರಗೆ ಬರಬೇಕು. ಈಗಿನ ಯಾವ ಜಾಬ್ ಕಡತ ತೆರೆದರೂ ಈ ನಾಲ್ಕೇ ಪ್ರಶ್ನೆ.

ಸಣ್ಣ ಲ್ಯಾಬಿಗೆ ನಿಜವಾಗಿ ಬೇಕಾದವು ಇಷ್ಟು. ಜಾಬ್ ಹಂಚಲು ಎಚ್‌ಟಿಕಾಂಡರ್. ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಿಂದ ಬೆಳೆದದ್ದು, ಖಾಲಿ ಕೂತ ಮೇಜಿನ ಯಂತ್ರಗಳನ್ನು ದುಡಿಸಲೆಂದೇ ಹುಟ್ಟಿದ್ದು. ಗುರುತಿನ ಚೀಟಿಗೆ ಟೋಕನ್. ಇಂಟರ್ನೆಟ್ಟಿನ ಸ್ಟ್ಯಾಂಡರ್ಡ್ ಬರೆಯುವ ಐಇಟಿಎಫ್‌ನ ದಾಖಲೆ ಆರ್‌ಎಫ್‌ಸಿ 7519 ಅದರ ಅಡಿಪಾಯ. ಕೆಲಸದ ಸರಪಳಿ ಬರೆಯಲು ಕಾಮನ್ ವರ್ಕ್‌ಫ್ಲೋ ಲ್ಯಾಂಗ್ವೇಜ್, ಆವೃತ್ತಿ 1.2. ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಲೈಬ್ರರಿಗಳ ಸಮೇತ ಕಟ್ಟಿ ಒಯ್ಯಲು ಓಪನ್ ಕಂಟೇನರ್ ಇನಿಶಿಯೇಟಿವ್ ಒಪ್ಪಿದ ಮಾದರಿಯ ಕಂಟೇನರ್, ಅದನ್ನು ಓಡಿಸಲು ಆಪ್‌ಟೈನರ್. ಎಂಪಿಐ ಇಲ್ಲಿ ಬೇಡ. ಎಂಪಿಐ ಫೋರಂ 1994ರಿಂದ ಕಾಯ್ದುಕೊಂಡು ಬಂದ ಆ ಸ್ಟ್ಯಾಂಡರ್ಡ್ ಒಂದೇ ಲೆಕ್ಕವನ್ನು ಹಲವು ಯಂತ್ರಗಳು ಮಾತಾಡಿಕೊಳ್ಳುತ್ತ ಬಿಡಿಸುವಾಗ ಬೇಕು. ಲ್ಯಾಬಿನ ಗಿಗಾಬಿಟ್ ಸ್ವಿಚ್ಚಿನ ಮೇಲೆ ಅದನ್ನು ಓಡಿಸಿದರೆ ಯಂತ್ರಗಳು ದುಡಿಯುವುದಕ್ಕಿಂತ ಪರಸ್ಪರ ಕಾಯುವುದೇ ಹೆಚ್ಚು.

ಲೆಕ್ಕ ಮೊದಲು, ಕೇಬಲ್ ಆಮೇಲೆ

ಉದಾಹರಣೆಗೆ ಗೋವಿನಜೋಳ ತೆಗೆದುಕೊಳ್ಳಿ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಬಿತ್ತನೆ ಒಂದು ವಾರ ಹಿಂದೆ-ಮುಂದೆ ಆದರೆ ಇಳುವರಿ ಏನಾಗುತ್ತದೆ ಎಂದು ಡಿಎಸ್‌ಎಸ್‌ಎಟಿ ಎಂಬ ಬೆಳೆ ಮಾದರಿಯಲ್ಲಿ ನೋಡಬೇಕು. ಹವಾಮಾನ ಇಲಾಖೆಯ ಮಳೆ ಡೇಟಾ ಕಾಲು ಡಿಗ್ರಿ ಚೌಕಗಳಲ್ಲಿ ಸಿಗುತ್ತದೆ, ಒಂದು ಚೌಕದ ಬದಿ ಸುಮಾರು 27 ಕಿ.ಮೀ. ಮೂವತ್ತು ಚೌಕ, 40 ವರ್ಷದ ಮಳೆ, 12 ಬಿತ್ತನೆ ದಿನಾಂಕ, 5 ಪ್ರಮಾಣದ ಸಾರಜನಕ ಎಂದಿಟ್ಟುಕೊಂಡರೆ ಮಾದರಿ 72,000 ಸಲ ಓಡಬೇಕು, ಅಂದರೆ 72,000 ಓಟ. ಒಂದು ಓಟಕ್ಕೆ 2 ಸೆಕೆಂಡ್ ಹಿಡಿದರೆ ಒಂದು ಕೋರಿನಲ್ಲಿ 40 ಗಂಟೆ.

ಇಪ್ಪತ್ನಾಲ್ಕು ಯಂತ್ರಗಳಲ್ಲಿ ಒಂದನ್ನು ಮೇಸ್ತ್ರಿಯಾಗಿ ಇಟ್ಟುಕೊಳ್ಳಿ. ಉಳಿದ 23ಕ್ಕೆ ತಲಾ 4 ಕೋರ್, ಒಟ್ಟು 92. ನಲವತ್ತು ಗಂಟೆಯ ಕೆಲಸ ಕಾಗದದ ಮೇಲೆ 26 ನಿಮಿಷಕ್ಕೆ ಇಳಿಯುತ್ತದೆ. ಆದರೆ 72,000 ಓಟಗಳನ್ನು 72,000 ಜಾಬ್ ಮಾಡಿ ಸರದಿಗೆ ಹಾಕಿದರೆ ಕೆಟ್ಟಿತು. ಪ್ರತಿ ಜಾಬಿಗೆ ಯಂತ್ರ ಹುಡುಕುವುದು, ಕಡತ ಕಳಿಸುವುದು, ಫಲಿತಾಂಶ ತರುವುದು ಸೇರಿ ಕೆಲವು ಸೆಕೆಂಡ್ ಹೋಗುತ್ತದೆ. ಎರಡು ಸೆಕೆಂಡಿನ ಕೆಲಸಕ್ಕೆ ಐದು ಸೆಕೆಂಡಿನ ಓಡಾಟ. ಒಂದು ಚೌಕ, ಒಂದು ಬಿತ್ತನೆ ದಿನಾಂಕಕ್ಕೆ ಒಂದು ಜಾಬ್ ಎಂದು ಕಂತೆ ಕಟ್ಟಿ. ಆಗ 360 ಜಾಬ್, ಪ್ರತಿಯೊಂದರಲ್ಲಿ 200 ಓಟ, ಸುಮಾರು 6 ನಿಮಿಷ 40 ಸೆಕೆಂಡ್. ತೊಂಬತ್ತೆರಡು ಕೋರಿಗೆ ನಾಲ್ಕು ಸುತ್ತು. ಓಡಾಟವೆಲ್ಲ ಸೇರಿ 35 ನಿಮಿಷದಲ್ಲಿ ಮುಗಿಯಬೇಕು. ಒಂದು ಗಂಟೆ ಮೀರಿದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಜಾಬಿನ ಅಳತೆಗೆ ಒಂದು ರೂಢಿ: ಐದು ನಿಮಿಷಕ್ಕಿಂತ ಚಿಕ್ಕದು ಬೇಡ, ಇಪ್ಪತ್ತು ನಿಮಿಷಕ್ಕಿಂತ ದೊಡ್ಡದೂ ಬೇಡ. ಕೆಳಗಿನ ಮಿತಿಯ ಕಾರಣ ಮೇಲೆ ಹೇಳಿದ್ದೇ. ಮೇಲಿನ ಮಿತಿ ಕರೆಂಟಿನದು. ಓಡುತ್ತಿರುವ ಜಾಬ್ ನಡುವೆ ಸತ್ತರೆ ಮೊದಲಿನಿಂದ ಶುರುವಾಗುತ್ತದೆ, ಹಾಗಾಗಿ ಕಳೆದುಕೊಳ್ಳುವುದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚಾಗಬಾರದು.

ಕರೆಂಟ್, ಬಿಸಿಲು, ಧೂಳು

ಸಾಮಾನ್ಯ ಲ್ಯಾಬ್ ಯಂತ್ರ ಸುಮ್ಮನಿದ್ದಾಗ 40ರಿಂದ 50 ವ್ಯಾಟ್ ಎಳೆಯುತ್ತದೆ, ನಾಲ್ಕೂ ಕೋರ್ ದುಡಿಯುವಾಗ 100ರ ಆಚೀಚೆ. ಮಾನಿಟರ್ ಬೇರೆ. ಇಪ್ಪತ್ನಾಲ್ಕು ಯಂತ್ರ ಒಟ್ಟಿಗೆ ದುಡಿದರೆ 2.4 ಕಿಲೋವ್ಯಾಟ್. ಲ್ಯಾಬಿನ ಯುಪಿಎಸ್ 3 ಕೆವಿಎ ಆಗಿದ್ದು ಪವರ್ ಫ್ಯಾಕ್ಟರ್ 0.8 ಇದ್ದರೆ ಅದರ ಮಿತಿಯೂ ಸರಿಯಾಗಿ 2.4 ಕಿಲೋವ್ಯಾಟ್. ಹಗಲು ತಕರಾರಿಲ್ಲದೆ ನಡೆದ ಯುಪಿಎಸ್ ರಾತ್ರಿ ಕೂಗಿಕೊಳ್ಳುವುದು ಇದಕ್ಕೇ. ಮಾನಿಟರುಗಳನ್ನು ಸ್ವಿಚ್ಚಿನಲ್ಲೇ ಆರಿಸಿ. ಮೊದಲ ರಾತ್ರಿ 10 ಯಂತ್ರ, ಆಮೇಲೆ ನಾಲ್ಕು ನಾಲ್ಕಾಗಿ ಏರಿಸಿ, ಯುಪಿಎಸ್ ಫಲಕದ ಲೋಡ್ ಶೇಕಡಾ 75 ದಾಟದಂತೆ ನೋಡಿಕೊಳ್ಳಿ. ಬ್ಯಾಟರಿ ಎಷ್ಟು ಹೊತ್ತು ಬಂದೀತೆಂದು ಹಗಲಿನ ಲೋಡಿನ ಮೇಲೆ ಅಂದಾಜು ಮಾಡಬೇಡಿ; ಲೋಡ್ ಇಮ್ಮಡಿಯಾದರೆ ಬ್ಯಾಟರಿಯ ಹೊತ್ತು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ.

ರಾತ್ರಿ ಹತ್ತು ಗಂಟೆ 23 ಯಂತ್ರ ಓಡಿದರೆ ಹೆಸ್ಕಾಂ ಮೀಟರಿನಲ್ಲಿ ಸುಮಾರು 23 ಯೂನಿಟ್. ಪ್ರಾಂಶುಪಾಲರ ಹತ್ತಿರ ಒಪ್ಪಿಗೆಗೆ ಹೋಗುವಾಗ ಈ ಲೆಕ್ಕ ಬರೆದುಕೊಂಡೇ ಹೋಗಿ. ಅವರು ಮೊದಲು ಕೇಳುವುದು ಇದನ್ನೇ, ಸ್ಟ್ಯಾಂಡರ್ಡನ್ನಲ್ಲ.

ಯಂತ್ರ ಶುರುವಾಗುವಾಗಿನ ಸೆಟಪ್ ಆದ ಬಯಾಸ್‌ನಲ್ಲಿ ಕರೆಂಟ್ ಮರಳಿದಾಗ ಏನು ಮಾಡಬೇಕೆಂಬ ಆಯ್ಕೆ ಇರುತ್ತದೆ. ಅದನ್ನು ಹಿಂದಿನ ಸ್ಥಿತಿಗೆ ಮರಳು ಎಂದು ಇಡಿ. ಎಲ್ಲವೂ ಒಮ್ಮೆಲೇ ಎದ್ದರೆ ಎಂಸಿಬಿ ಬೀಳಬಹುದು, ಆದ್ದರಿಂದ ಯಂತ್ರಗಳನ್ನು ಎರಡು ಮೂರು ಸರ್ಕ್ಯೂಟಿಗೆ ಹಂಚಿರಬೇಕು.

ಏಪ್ರಿಲ್-ಮೇ ಮಧ್ಯಾಹ್ನ ಓಡಿಸುವ ಗೋಜಿಗೇ ಹೋಗಬೇಡಿ. ಎರೆ ಭೂಮಿಯ ಧೂಳು ಸೂಕ್ಷ್ಮ, ಪ್ರೊಸೆಸರ್ ಫ್ಯಾನಿನ ಕೆಳಗಿನ ರೆಕ್ಕೆಗಳ ನಡುವೆ ಗಟ್ಟಿಯಾಗಿ ಕೂರುತ್ತದೆ. ಪ್ರೊಸೆಸರ್ ಕಾದರೆ ಸುಟ್ಟುಹೋಗುವುದಿಲ್ಲ, ತನ್ನಷ್ಟಕ್ಕೆ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಪತ್ತೆ ಹಚ್ಚಲು ಸುಲಭದ ದಾರಿಯಿದೆ: ಒಂದೇ ಜಾಬನ್ನು 23 ಯಂತ್ರಕ್ಕೂ ಕಳಿಸಿ, ತೆಗೆದುಕೊಂಡ ಸಮಯದಂತೆ ಸಾಲು ಹಚ್ಚಿ. ಉಳಿದವು ಏಳು ನಿಮಿಷ ತೆಗೆದುಕೊಂಡಲ್ಲಿ ಹನ್ನೆರಡು ತೆಗೆದುಕೊಂಡ ಯಂತ್ರವನ್ನು ಬಿಚ್ಚಿ, ಬ್ಲೋವರ್ ಹಿಡಿಯಿರಿ, ಥರ್ಮಲ್ ಪೇಸ್ಟ್ ಬದಲಿಸಿ.

ಜೋಡಣೆ

ಇಪ್ಪತ್ನಾಲ್ಕು ಯಂತ್ರಕ್ಕೆ 24 ಪೋರ್ಟಿನ ಸ್ವಿಚ್ ಸಾಲದು. ಹೊರಗಿನ ಸಂಪರ್ಕಕ್ಕೆ ಒಂದು ಪೋರ್ಟ್ ಬೇಕಲ್ಲ. ಇಪ್ಪತ್ನಾಲ್ಕು ಗಿಗಾಬಿಟ್ ಪೋರ್ಟಿಗೆ ಬೇರೆಯಾಗಿ ಅಪ್‌ಲಿಂಕ್ ಇರುವುದನ್ನು ತನ್ನಿ, ಇಲ್ಲವೇ 48 ಪೋರ್ಟಿನದು. ಕ್ಯಾಟ್6 ಕೇಬಲ್ ಸಾಕು. ಕ್ರಿಂಪಿಂಗ್ ಆದ ಮೇಲೆ ಪ್ರತಿ ಯಂತ್ರದಲ್ಲೂ ಲಿಂಕ್ ವೇಗ 1000 ಎಂದೇ ತೋರಿಸುತ್ತಿದೆಯೇ ನೋಡಿ. ನಾಲ್ಕು ಜೊತೆ ತಂತಿಯಲ್ಲಿ ಒಂದು ಜೊತೆ ಕಡಿದಿದ್ದರೂ ಸಂಪರ್ಕ ಇರಬಹುದು, ಆದರೆ 100ಕ್ಕೆ ಇಳಿದಿರುತ್ತದೆ.

ಆಪರೇಟಿಂಗ್ ಸಿಸ್ಟಂ ಎಲ್ಲ ಯಂತ್ರಕ್ಕೂ ಒಂದೇ ಆವೃತ್ತಿಯ ಉಬುಂಟು ಎಲ್‌ಟಿಎಸ್ ಇರಲಿ. ಒಂದಕ್ಕೆ ಹಾಕಿ ಉಳಿದವಕ್ಕೆ ಡಿಸ್ಕ್ ಕ್ಲೋನ್ (ತದ್ರೂಪು) ಮಾಡುವುದು ರೂಢಿ, ಅದರಲ್ಲೇ ಒಂದು ಅಪಾಯವೂ ಇದೆ. ಕ್ಲೋನ್ ಆದ ಯಂತ್ರಗಳಿಗೆ ಹೋಸ್ಟ್‌ನೇಮ್ (ಯಂತ್ರದ ಹೆಸರು), ಮಷೀನ್ ಐಡಿ (ಅದರ ಗುರುತು ಸಂಖ್ಯೆ), ಎಸ್‌ಎಸ್‌ಎಚ್ ಕೀಲಿ (ದೂರದಿಂದ ಸುರಕ್ಷಿತವಾಗಿ ಒಳಬರಲು ಬೇಕಾದದ್ದು) ಮೂರೂ ಒಂದೇ ಆಗಿರುತ್ತವೆ. ಮಷೀನ್ ಐಡಿ ಒಂದೇ ಇದ್ದರೆ ನೆಟ್‌ವರ್ಕ್ ವಿಳಾಸ ಹಂಚುವ ಡಿಎಚ್‌ಸಿಪಿ ಎರಡು ಯಂತ್ರಕ್ಕೆ ಒಂದೇ ವಿಳಾಸ ಕೊಡಬಹುದು. ಹೋಸ್ಟ್‌ನೇಮ್ ಒಂದೇ ಇದ್ದರೆ ಮೇಸ್ತ್ರಿಯ ಪಟ್ಟಿಯಲ್ಲಿ ಯಾವುದು ಯಾವ ಯಂತ್ರವೆಂದು ತಿಳಿಯುವುದಿಲ್ಲ. ಕ್ಲೋನ್ ಮಾಡಿದ ಕೂಡಲೇ ಮೂರನ್ನೂ ಹೊಸದಾಗಿ ಹುಟ್ಟಿಸಿ, ಆಮೇಲೆ ರೂಟರಿನಲ್ಲಿ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸಕ್ಕೆ ತಕ್ಕಂತೆ ಐಪಿ ಕಾಯ್ದಿರಿಸಿ.

ಗಡಿಯಾರ ಸಣ್ಣ ವಿಷಯವೆನಿಸುತ್ತದೆ, ಮೊದಲ ವಾರ ಹೆಚ್ಚು ಕಾಡುವುದು ಅದೇ. ಹಳೆಯ ಯಂತ್ರಗಳ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹತ್ತಾರು ವರ್ಷ ಹಿಂದಕ್ಕೆ ಹೋಗುತ್ತದೆ. ಟೋಕನ್, ಸರ್ಟಿಫಿಕೇಟ್ ಎರಡಕ್ಕೂ ಅವಧಿ ಇರುತ್ತದೆ. ಯಂತ್ರದ ಲೆಕ್ಕದಲ್ಲಿ ಆ ಚೀಟಿ ಇನ್ನೂ ಹುಟ್ಟೇ ಇಲ್ಲ, ಹಾಗಾಗಿ ಒಳಗೆ ಬಿಡುವುದಿಲ್ಲ. ಲಾಗ್‌ನಲ್ಲಿ ದೃಢೀಕರಣ ವಿಫಲ ಎಂದಷ್ಟೇ ಬಂದು ನೀವು ಪಾಸ್‌ವರ್ಡ್ ಬದಲಿಸುತ್ತ ಅರ್ಧ ದಿನ ಕಳೆಯುತ್ತೀರಿ. ಸೆಲ್ ಬದಲಿಸಿ, ಮೇಸ್ತ್ರಿ ಯಂತ್ರದ ಮೇಲೆ ಸಮಯ ಹೊಂದಿಸುವ ಕ್ರೋನಿ ಹಾಕಿ ಉಳಿದವು ಅದರಿಂದಲೇ ಸಮಯ ತೆಗೆದುಕೊಳ್ಳುವಂತೆ ಮಾಡಿ.

ಈಗ ಎಚ್‌ಟಿಕಾಂಡರ್. ಮೂರು ಪಾತ್ರಗಳಿವೆ: ಸರದಿ ಹೊಂದಿಸುವ ಸೆಂಟ್ರಲ್ ಮ್ಯಾನೇಜರ್, ಜಾಬ್ ಕೊಡುವ ಯಂತ್ರ, ದುಡಿಯುವ ಯಂತ್ರ. ಈ ಗಾತ್ರಕ್ಕೆ ಮೊದಲೆರಡನ್ನೂ ಮೇಸ್ತ್ರಿ ಯಂತ್ರದಲ್ಲೇ ಇಡಬಹುದು. ಮೂರಕ್ಕೂ ಒಂದೇ ಪಾಸ್‌ವರ್ಡ್ ಕೊಟ್ಟು ಅಧಿಕೃತ ಇನ್‌ಸ್ಟಾಲರ್ ಓಡಿಸಿದರೆ ಟೋಕನ್ ಅದೇ ಮಾಡಿಕೊಳ್ಳುತ್ತದೆ. ಫೈರ್‌ವಾಲ್‌ನಲ್ಲಿ ಟಿಸಿಪಿ 9618 ಪೋರ್ಟ್ ಲ್ಯಾಬಿನೊಳಗೆ ಎಲ್ಲ ಯಂತ್ರಗಳಲ್ಲೂ ತೆರೆದಿರಲಿ, ಕ್ಯಾಂಪಸ್ಸಿನ ಹೊರಗಿಗೆ ಎಂದೂ ಬೇಡ. ಯಾರದೋ ಪ್ರೋಗ್ರಾಮನ್ನು ನಿಮ್ಮ 92 ಕೋರಿನಲ್ಲಿ ಓಡಿಸುವ ಬಾಗಿಲು ಅದು; ತೆರೆದಿಟ್ಟರೆ ಕ್ರಿಪ್ಟೋ ನಾಣ್ಯ ಗಣಿಗಾರಿಕೆಯವರು ಹುಡುಕಿಕೊಂಡು ಬರುತ್ತಾರೆ. ಯಂತ್ರದಲ್ಲಿ ವರ್ಚುವಲ್‌ಬಾಕ್ಸ್ ಅಥವಾ ಡಾಕರ್ ಇದ್ದರೆ ಎಚ್‌ಟಿಕಾಂಡರ್ ಅವುಗಳ ಒಳಗಿನ ಸುಳ್ಳು ವಿಳಾಸವನ್ನು ಮೇಸ್ತ್ರಿಗೆ ಹೇಳಿಬಿಡಬಹುದು, ಯಾವ ನೆಟ್‌ವರ್ಕ್ ಕಾರ್ಡ್ ಬಳಸಬೇಕೆಂದು ನೀವೇ ಬರೆದಿಡಿ.

ಪ್ರೊಸೆಸರ್ ಹೈಪರ್‌ಥ್ರೆಡಿಂಗ್ (ಒಂದು ಕೋರನ್ನು ಎರಡರಂತೆ ತೋರಿಸುವ ಏರ್ಪಾಡು) ಉಳ್ಳದ್ದಾದರೆ ಎಚ್‌ಟಿಕಾಂಡರ್ ನಾಲ್ಕು ಕೋರನ್ನು ಎಂಟೆಂದು ಎಣಿಸುತ್ತದೆ. ಎಂಟು ಜಿಬಿ ಮೆಮೊರಿಯಲ್ಲಿ ಎಂಟು ಜಾಬ್ ಎಂದರೆ ಒಂದಕ್ಕೆ ಒಂದು ಜಿಬಿಯೂ ಉಳಿಯುವುದಿಲ್ಲ. ಲೆಕ್ಕದ ಕೆಲಸಕ್ಕೆ ಆ ಎಣಿಕೆ ಆರಿಸಿ, ಜಾಬ್ ಕಡತದಲ್ಲಿ ಬೇಕಾದ ಮೆಮೊರಿಯನ್ನು ಸ್ಪಷ್ಟವಾಗಿ ಬರೆಯಿರಿ. ನಾಲ್ಕಕ್ಕೆ ಹಂಚಿದರೆ ತಲಾ 1.7 ಜಿಬಿ ದಾಟಬೇಡಿ.

ಹಗಲೂ ಓಡಿಸುವುದಾದರೆ ಮೇಜಿನ ಯಂತ್ರದ ನೀತಿ ಆರಿಸಿ: ಹದಿನೈದು ನಿಮಿಷ ಯಾರೂ ಕೀಬೋರ್ಡ್ ಮುಟ್ಟದಿದ್ದರೆ ಜಾಬ್ ಶುರು, ಮುಟ್ಟಿದ ತಕ್ಷಣ ತಡೆ. ಇದಕ್ಕೆ ಕೀಬೋರ್ಡ್ ಕಾಯುವ ಪುಟ್ಟ ಡೆಮನ್ (ಹಿನ್ನೆಲೆಯ ಪ್ರೋಗ್ರಾಂ) ಬೇರೆಯಾಗಿ ಓಡುತ್ತಿರಬೇಕು. ಅದು ಇಲ್ಲದಿದ್ದರೆ ವಿದ್ಯಾರ್ಥಿ ಟೈಪ್ ಮಾಡುತ್ತಿದ್ದರೂ ಯಂತ್ರ ತಾನು ಖಾಲಿ ಎಂದೇ ತಿಳಿಯುತ್ತದೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹೀಗಾದರೆ ನಿಮ್ಮ ಗ್ರಿಡ್ ಅಲ್ಲಿಗೆ ಮುಗಿಯಿತು.

ಕೆಡುವ ಜಾಗಗಳು

ಜಾಬುಗಳೆಲ್ಲ ಸರದಿಯಲ್ಲೇ ನಿಂತಿದ್ದರೆ, ಯಾಕೆ ಹೊಂದುತ್ತಿಲ್ಲ ಎಂದು ವಿವರಿಸುವ ಆಯ್ಕೆ ಸರದಿ ತೋರಿಸುವ ಕಮಾಂಡಿನಲ್ಲೇ ಇದೆ. ಹತ್ತರಲ್ಲಿ ಎಂಟು ಸಲ ಕಾರಣ ಎರಡೇ: ಕೇಳಿದ ಮೆಮೊರಿ ಹೆಚ್ಚು, ಇಲ್ಲವೇ ವಿಂಡೋಸ್ ಯಂತ್ರದಿಂದ ಜಾಬ್ ಕೊಟ್ಟಿದ್ದೀರಿ. ಜಾಬ್ ಎಲ್ಲಿಂದ ಹೊರಟಿತೋ ಅದೇ ಬಗೆಯ ಆಪರೇಟಿಂಗ್ ಸಿಸ್ಟಂ ಬೇಕು ಎಂಬ ಷರತ್ತನ್ನು ಎಚ್‌ಟಿಕಾಂಡರ್ ತಾನೇ ಸೇರಿಸುತ್ತದೆ.

ಇದಕ್ಕಿಂತ ಕೆಟ್ಟದ್ದು ನುಂಗುವ ಯಂತ್ರ. ಒಂದು ಯಂತ್ರದ ಡಿಸ್ಕ್ ತುಂಬಿದೆ ಅಥವಾ ಲೈಬ್ರರಿ ಇಲ್ಲ ಎಂದುಕೊಳ್ಳಿ. ಅಲ್ಲಿಗೆ ಹೋದ ಜಾಬ್ ಎರಡು ಸೆಕೆಂಡಿನಲ್ಲಿ ಸಾಯುತ್ತದೆ, ಯಂತ್ರ ಮತ್ತೆ ಖಾಲಿ, ಮುಂದಿನ ಜಾಬ್ ಕೊಡಿ ಎನ್ನುತ್ತದೆ. ಉಳಿದ 22 ಯಂತ್ರಗಳು ಮೊದಲ ಸುತ್ತು ಮುಗಿಸುವಷ್ಟರಲ್ಲಿ ಇದೊಂದೇ ಉಳಿದ ಸರದಿಯನ್ನೆಲ್ಲ ನುಂಗಿರುತ್ತದೆ, ಬೆಳಿಗ್ಗೆ ಬಂದು ನೋಡಿದರೆ ಸರದಿ ಖಾಲಿ, ಫಲಿತಾಂಶ ಮುಕ್ಕಾಲು ಇಲ್ಲ. ಜಾಬ್ ಸೊನ್ನೆಯಲ್ಲದ ಕೋಡಿನೊಂದಿಗೆ, ಅಂದರೆ ಸೋತು, ಮುಗಿದರೆ ಮೂರು ಸಲ ಮರುಯತ್ನ, ಪ್ರತಿ ಸಲವೂ ಬೇರೆ ಯಂತ್ರ, ಆಮೇಲೂ ಸೋತರೆ ತಡೆಹಿಡಿ ಎಂದು ಜಾಬ್ ಕಡತದಲ್ಲೇ ಬರೆಯಿರಿ. ನಿಮ್ಮ ಸ್ಕ್ರಿಪ್ಟ್ ಸೋತಾಗ ನಿಜವಾಗಿಯೂ ಸೊನ್ನೆಯಲ್ಲದ ಕೋಡ್ ಕೊಡುತ್ತದೆಯೇ ಎಂದು ಮೊದಲು ಪರೀಕ್ಷಿಸಿ. ಬಹಳಷ್ಟು ಸ್ಕ್ರಿಪ್ಟ್‌ಗಳು ಕೊನೆಯ ಸಾಲಿನಲ್ಲಿ ಏನೋ ಮುದ್ರಿಸಿ ತಾವು ಗೆದ್ದೆವೆಂದೇ ಹೇಳುತ್ತವೆ.

ಲೈಬ್ರರಿ ತಕರಾರಿಗೆ ಕಂಟೇನರ್ ಮದ್ದು. ಆದರೆ 500 ಎಂಬಿಯ ಕಂಟೇನರನ್ನು 92 ಜಾಬುಗಳು ಒಮ್ಮೆಲೇ ಎಳೆದರೆ 46 ಜಿಬಿ; ಸೆಕೆಂಡಿಗೆ 110 ಎಂಬಿ ಸಾಗಿದರೂ ಏಳು ನಿಮಿಷ, ಅಂದರೆ ಒಂದು ಜಾಬಿಗಿಂತ ಹೆಚ್ಚು. ಕಂಟೇನರನ್ನು ಮೊದಲೇ ಎಲ್ಲ ಯಂತ್ರಗಳ ಡಿಸ್ಕಿನಲ್ಲಿ ಒಂದು ಪ್ರತಿ ಇಟ್ಟುಬಿಡಿ, ಜಾಬಿನ ಜೊತೆ ಮಳೆ ಕಡತವಷ್ಟೇ ಹೋಗಲಿ. ಒಮ್ಮೆಗೆ ನಡೆಯುವ ಕಡತ ಸಾಗಾಟವನ್ನು ಹತ್ತಕ್ಕೆ ಮಿತಿಗೊಳಿಸಿ.

ಲೆಕ್ಕದ ಪುಸ್ತಕ ಮತ್ತು ಪಕ್ಕದ ಹೊಲ

ಮುಯ್ಯಾಳಿನಲ್ಲಿ ಯಾರು ಎಷ್ಟು ದಿನ ಬಂದರೆಂದು ನೆನಪಿಟ್ಟುಕೊಳ್ಳುತ್ತಾರೆ. ಯಂತ್ರಕ್ಕೆ ಬರೆದಿಡಬೇಕು. ಓಜಿಎಫ್‌ನ ಯೂಸೇಜ್ ರೆಕಾರ್ಡ್ ಎಂಬ ಸ್ಟ್ಯಾಂಡರ್ಡ್ ಇದಕ್ಕೇ ಇದೆ. ಪೂರ್ತಿ ಮಾದರಿ ಬೇಡವೆನಿಸಿದರೂ ಅದು ಕೇಳುವ ಅಂಕಣಗಳನ್ನು ಮೊದಲ ದಿನದಿಂದಲೇ ಇಡಿ: ಯಾರ ಜಾಬ್, ಯಾವ ಗುಂಪು, ಯಾವ ಯಂತ್ರ, ಶುರು, ಕೊನೆ, ಗಡಿಯಾರದ ಸಮಯ, ಸಿಪಿಯು ಸಮಯ, ಮೆಮೊರಿ. ಸಮಯವನ್ನು ಜಾಗತಿಕ ಸಮಯವಾದ ಯುಟಿಸಿಯಲ್ಲಿ ಬರೆಯಿರಿ. ಎರಡು ವಿಭಾಗಗಳ ನಡುವೆ ನಿಮ್ಮವರೇ ಹೆಚ್ಚು ಬಳಸಿದರೆಂಬ ಮಾತು ಬಂದ ದಿನ ಇದರ ಬೆಲೆ ತಿಳಿಯುತ್ತದೆ.

ಮುಂದೆ ಈ ಕೆಲಸ ದೊಡ್ಡ ಯಂತ್ರಕ್ಕೆ ಹೋಗಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗದಂಥ ಸೂಪರ್ ಕಂಪ್ಯೂಟರುಗಳಲ್ಲಿ ಜಾಬ್ ಹಂಚುವುದು ಸ್ಲರ್ಮ್ ಎಂಬ ಬೇರೆ ಸಾಫ್ಟ್‌ವೇರ್. ಎಚ್‌ಟಿಕಾಂಡರ್ ಜಾಬ್ ಕಡತ ಅಲ್ಲಿ ನಡೆಯದು. ಕೆಲಸದ ಸರಪಳಿಯನ್ನು ಕಾಮನ್ ವರ್ಕ್‌ಫ್ಲೋ ಲ್ಯಾಂಗ್ವೇಜಿನಲ್ಲಿ, ಪ್ರೋಗ್ರಾಮನ್ನು ಕಂಟೇನರಿನಲ್ಲಿ ಇಟ್ಟಿದ್ದರೆ ಬದಲಿಸಬೇಕಾದದ್ದು ಹೊರಗಿನ ಪದರ ಮಾತ್ರ. ಪ್ರೋಗ್ರಾಮಿನೊಳಗೆ ಯಂತ್ರದ ಹೆಸರು, ಪೂರ್ತಿ ಕಡತದ ದಾರಿ ಬರೆದಿದ್ದರೆ ಈ ಅನುಕೂಲ ಯಾವುದೂ ಇಲ್ಲ.

ಹುಬ್ಬಳ್ಳಿಯ ಲ್ಯಾಬನ್ನು ಧಾರವಾಡದ ಇನ್ನೊಂದು ಲ್ಯಾಬಿಗೆ ಸೇರಿಸಲು ಎಚ್‌ಟಿಕಾಂಡರಿನಲ್ಲಿ ಫ್ಲಾಕಿಂಗ್ ಎಂಬ ಏರ್ಪಾಡಿದೆ: ಇಲ್ಲಿ ಜಾಗವಿಲ್ಲದ ಜಾಬ್ ಅಲ್ಲಿಗೆ ಹೋಗುತ್ತದೆ. ನಡುವೆ ವೈರ್‌ಗಾರ್ಡ್ ಎಂಬ ವಿಪಿಎನ್ (ಇಂಟರ್ನೆಟ್ಟಿನೊಳಗಿನ ಖಾಸಗಿ ದಾರಿ) ಹಾಕಿ, ಯುಡಿಪಿ 51820 ಒಂದೇ ಪೋರ್ಟ್ ಹೊರಗೆ ಕಾಣಲಿ. ಎರಡೂ ಲ್ಯಾಬಿನ ಒಳಗಿನ ಐಪಿ ಸಾಲು ಬೇರೆ ಬೇರೆ ಇರಬೇಕು. ಎರಡೂ ಕಡೆ ರೂಟರ್ ಜೊತೆ ಬಂದ 192.168.1 ಸಾಲೇ ಇದ್ದರೆ ದಾರಿ ಸಿಗುವುದಿಲ್ಲ, ಒಂದನ್ನು ಬದಲಿಸಲೇಬೇಕು. ಚಿಕ್ಕ ಸಂದೇಶ ಹೋಗಿ ದೊಡ್ಡ ಕಡತ ಅರ್ಧಕ್ಕೇ ನಿಲ್ಲುತ್ತಿದ್ದರೆ ಎಂಟಿಯು (ಒಮ್ಮೆಗೆ ಸಾಗುವ ಡೇಟಾ ಪೊಟ್ಟಣದ ಗಾತ್ರ) 1420ರಿಂದ ಸ್ವಲ್ಪ ಸ್ವಲ್ಪವೇ ಇಳಿಸಿ ನೋಡಿ. ಆ ಕಡೆಯವರ ಮೇಸ್ತ್ರಿ ಯಂತ್ರ ನಿಮ್ಮ ಟೋಕನ್ ಒಪ್ಪಬೇಕು, ನಿಮ್ಮದು ಅವರದನ್ನು. ಟೋಕನ್ನಿಗೆ 30 ದಿನದ ಅವಧಿ ಸಾಕು, ಮುಗಿಯುವ ತಾರೀಖನ್ನು ಲ್ಯಾಬಿನ ಬೋರ್ಡಿನ ಮೇಲೇ ಬರೆದಿಡಿ.

ಮೊದಲ ಜಾಬ್ ಆಗಿ ಬೆಳೆ ಮಾದರಿ ಕಳಿಸಬೇಡಿ. ಓಡಿದ ಯಂತ್ರದ ಹೆಸರು ಮತ್ತು ಅದರ ಗಡಿಯಾರದ ಸಮಯ ಬರೆದು ಅರವತ್ತು ಸೆಕೆಂಡ್ ಮಲಗುವ ಎರಡು ಸಾಲಿನ ಸ್ಕ್ರಿಪ್ಟನ್ನು 92 ಸಲ ಕಳಿಸಿ. ಫಲಿತಾಂಶದಲ್ಲಿ 23 ಹೆಸರು, ಪ್ರತಿಯೊಂದು ನಾಲ್ಕು ಸಲ ಬಂದಿದ್ದರೆ, ಸಮಯಗಳು ಒಂದೆರಡು ನಿಮಿಷದೊಳಗೆ ಹೊಂದಿದ್ದರೆ, ಆ ರಾತ್ರಿಯೇ 360 ಜಾಬುಗಳನ್ನು ಸರದಿಗೆ ಹಾಕಬಹುದು.